ನಾಲ್ಕು ನಿಮಿಷದ ಡಿಸೈನ್

ನಮ್ಮ ಅಣ್ಣನ ಮಗ ತನ್ನ ಹೊಸ ಫೋನಿನ ಡಿಸೈನನ್ನು ಕಣ್ಣಾರೆ ನೋಡಿದ್ದು ಒಟ್ಟು ನಾಲ್ಕು ನಿಮಿಷ. ಡಬ್ಬಿ ಬಿಚ್ಚಿದ್ದಕ್ಕೂ ಕವರ್ ಹಾಕಿದ್ದಕ್ಕೂ ನಡುವೆ ಸಿಕ್ಕಿದ್ದು ಅಷ್ಟೇ ಟೈಮು. ಐಫೋನ್ 17 ಪ್ರೊ, ಕಾಸ್ಮಿಕ್ ಆರೆಂಜ್ ಬಣ್ಣ, 1,34,900 ರೂಪಾಯಿ. ಅಂದರೆ ನಿಮಿಷಕ್ಕೆ 33,725 ರೂಪಾಯಿ ಬಿತ್ತು. ಅದೂ ಕಂತಿನಲ್ಲಿ.

ಕವರ್ ಮಾತ್ರ ಫೋನಿಗಿಂತ ಹದಿನೈದು ದಿನ ಮೊದಲೇ ಬಾಗಲಕೋಟೆ ನವನಗರದ ಮನೆಗೆ ಬಂದಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಅಂತಾರಲ್ಲ, ಹಾಗೆ.

ಆ ನಾಲ್ಕು ನಿಮಿಷದಲ್ಲೇ ನಮ್ಮ ಅವ್ವ ಫೋನಿಗೆ ಕುಂಕುಮ ಹಚ್ಚಲು ಬಂದಳು. "ಆಯೀ, ಸ್ಕ್ರ್ಯಾಚ್ ಆಗ್ತೈತಿ!" ಎಂದು ಹುಡುಗ ಚೀರಿದ. ಕುಂಕುಮ ಖಾಲಿ ಡಬ್ಬಿಗೆ ಬಿತ್ತು. ಅವ್ವ ಸುಮ್ನೆ ಬಿಡುವವಳಲ್ಲ. ಫೋನು ಕೈಗೆ ತಗೊಂಡು, ಸಂತೆಯಲ್ಲಿ ಬೋಗುಣಿ ಪರೀಕ್ಷೆ ಮಾಡುವ ಹಾಗೆ ಅಂಚಿಗೆ ಉಗುರಿನಿಂದ ಟಕ್ ಟಕ್ ಬಡಿದಳು.

"ಇದು ಜರ್ಮನ್ ಐತಲ್ಲೋ ತಮ್ಮಾ!"

ನಮ್ಮ ಕಡೆ ಜರ್ಮನ್ ಅಂದರೆ ಅಲ್ಯೂಮಿನಿಯಂ. ಅವ್ವ ಹೇಳಿದ್ದು ಸರಿ ಇತ್ತು. 2023ರಲ್ಲಿ 15 ಪ್ರೊ ಬಂದಾಗ ಆ್ಯಪಲ್‌ನವರು ಟೈಟಾನಿಯಂ ಅಂದಿದ್ದರು. ಮಂಗಳ ಗ್ರಹಕ್ಕೆ ಹೋಗುವ ನೌಕೆಗೆ ಬಳಸುವ ಲೋಹ ಅಂದಿದ್ದರು. ಎರಡು ವರ್ಷಕ್ಕೆ ಮಂಗಳ ಗ್ರಹದಿಂದ ವಾಪಸ್ ಬಂದು, 2025ರ 17 ಪ್ರೊಗೆ ಅಲ್ಯೂಮಿನಿಯಂ ಹಾಕಿದರು. ಕಾರಣ? ಶಾಖ ಚೆನ್ನಾಗಿ ಹರಡುತ್ತದಂತೆ. ಜರ್ಮನ್ ಪಾತ್ರೆಯಲ್ಲಿ ಹಾಲು ಬೇಗ ಉಕ್ಕುತ್ತೆ ಅಂತ ಅವ್ವನಿಗೆ ಐವತ್ತು ವರ್ಷದಿಂದ ಗೊತ್ತಿದೆ. ಅವಳನ್ನು ಯಾರೂ ಕ್ಯಾಲಿಫೋರ್ನಿಯಾಕ್ಕೆ ಕರೆಯಲಿಲ್ಲ.

ಬೆನ್ನ ಮೇಲೆ ಕ್ಯಾಮೆರಾಕ್ಕೆ ಅಂತ ಒಂದು ಉಬ್ಬು ಇದೆ. ಕಂಪನಿಯವರು ಅದಕ್ಕೆ ಪ್ಲ್ಯಾಟೋ, ಅಂದರೆ ಪ್ರಸ್ಥಭೂಮಿ ಅನ್ನುತ್ತಾರೆ. ನಮ್ಮ ಭಾಷೆಯಲ್ಲಿ ಅದು ಕಟ್ಟೆ. ಹನಮಪ್ಪನ ಗುಡಿ ಮುಂದಿನ ಕಟ್ಟೆ ಮೇಲೆ ಮೂವರು ಹಿರಿಯರು ಕೂತು ಹೋಗೋರು ಬರೋರನ್ನು ನೋಡುತ್ತಾರಲ್ಲ, ಥೇಟ್ ಹಾಗೆ ಮೂರು ಲೆನ್ಸು ಕೂತಿವೆ. ಒಂದೊಂದೂ 48 ಮೆಗಾಪಿಕ್ಸೆಲ್. ಗುಡಿ ಕಟ್ಟೆಯವರ ಕಣ್ಣು ಇದಕ್ಕಿಂತ ಚುರುಕು, ಆ ಮಾತು ಬೇರೆ.

ಆಮೇಲೆ ನೀರಿನ ವಿಷಯ. ಆರು ಮೀಟರ್ ಆಳದಲ್ಲಿ ಅರ್ಧ ಗಂಟೆ ಮುಳುಗಿದರೂ ತಡೆಯುತ್ತೆ ಅಂತ ಹೆಮ್ಮೆಯಿಂದ ಬರೆದಿದ್ದಾರೆ. ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಇನ್ನೊಂದು ಮಾತು: ನೀರಿನಿಂದ ಕೆಟ್ಟರೆ ವಾರಂಟಿ ಇಲ್ಲ. ಬೇರೆ ಊರಿನವರಿಗೆ ಇದು ಅರ್ಥ ಆಗಲಿಕ್ಕೆ ಟೈಮು ಬೇಕು. ಆಲಮಟ್ಟಿ ಹಿನ್ನೀರಿಗೆ ಮನೆ ಕೊಟ್ಟು ನವನಗರಕ್ಕೆ ಬಂದವರು ನಾವು. ಮುಳುಗಡೆ ಬೇರೆ, ಪರಿಹಾರ ಬೇರೆ ಅನ್ನುವುದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಆ್ಯಪಲ್‌ನವರು ಒಂದೊಂದೇ ಕಿತ್ತುಕೊಂಡ ಪಟ್ಟಿ ಎಲ್ಲರಿಗೂ ಬಾಯಿಪಾಠ. 2016ರಲ್ಲಿ ಹೆಡ್‌ಫೋನ್ ತೂತು ಮುಚ್ಚಿ, ಇದಕ್ಕೆ ಧೈರ್ಯ ಬೇಕು ಅಂದರು. 2020ರಲ್ಲಿ ಡಬ್ಬಿಯಿಂದ ಚಾರ್ಜರ್ ತೆಗೆದು, ಪರಿಸರ ಅಂದರು. ಸ್ಯಾಮ್‌ಸಂಗ್‌ನವರು ಆಗ ನಕ್ಕರು. 2021ರ ಜನವರಿಯಲ್ಲಿ ಗ್ಯಾಲಕ್ಸಿ ಎಸ್21 ಡಬ್ಬಿ ತೆರೆದರೆ ಅಲ್ಲೂ ಚಾರ್ಜರ್ ಇಲ್ಲ.

ಅದು ಹೋಗಲಿ. ನನ್ನ ಹೊಟ್ಟೆ ಉರಿಯುವುದು ಬಟ್ಟೆ ವಿಷಯಕ್ಕೆ. 2021ರಲ್ಲಿ ಆ್ಯಪಲ್‌ನವರು ಸ್ಕ್ರೀನ್ ಒರೆಸುವ ಒಂದು ಬಟ್ಟೆ ತುಂಡು ಮಾರಲು ಶುರು ಮಾಡಿದರು. ನಮ್ಮ ದೇಶದಲ್ಲಿ ಬೆಲೆ 1,900 ರೂಪಾಯಿ. ಪಕ್ಕದ ಗುಳೇದಗುಡ್ಡದಲ್ಲಿ ಮಗ್ಗದ ಮುಂದೆ ಕೂತು ಖಣ ನೇಯುವವರಿಗೆ ಇದನ್ನು ಹೇಳುವ ಧೈರ್ಯ ನನಗಿಲ್ಲ. ಹೆಡ್‌ಫೋನ್ ತೂತು ಮುಚ್ಚಿದವರಿಗೇ ಇರಬಹುದು. 2025ರ ನವೆಂಬರ್‌ನಲ್ಲಿ ಮತ್ತೊಂದು ಬಂತು, ಐಫೋನ್ ಪಾಕೆಟ್. ಜಪಾನಿನ ಇಸ್ಸೆ ಮಿಯಾಕೆ ಸಂಸ್ಥೆ ಜೊತೆ ಸೇರಿ ಮಾಡಿದ ಹೆಣಿಗೆ ಚೀಲ. ಹೆಗಲಿಗೆ ಹಾಕುವ ಉದ್ದದ ಚೀಲಕ್ಕೆ 229.95 ಡಾಲರ್, ಸುಮಾರು ಇಪ್ಪತ್ತು ಸಾವಿರ ರೂಪಾಯಿ.

ಹುಡುಗ ಫೋಟೋ ತೋರಿಸಿದ. ಅವ್ವ ಮಾತಾಡಲಿಲ್ಲ. ಟೊಂಕದಿಂದ ತನ್ನ ಚಂಚಿ ತೆಗೆದು ನೆಲದ ಮೇಲೆ ಬಿಚ್ಚಿ ಹಾಸಿದಳು. ಎಲೆಗೆ ಒಂದು ಅರೆ, ಅಡಿಕೆಗೆ ಒಂದು, ಸುಣ್ಣದ ಡಬ್ಬಿಗೆ ಒಂದು, ಯಾರಿಗೂ ಕಾಣದ ಹಾಗೆ ನೋಟಿಗೆ ಒಳಗೊಂದು. ಹಳೇ ಕುಪ್ಪಸದ ಬಟ್ಟೆಯಲ್ಲಿ ಕೈಯಿಂದ ಹೊಲಿದದ್ದು. ದಾರ ಎಳೆದರೆ ಮುಚ್ಚುತ್ತೆ, ಚಾರ್ಜ್ ಬೇಡ.

"ಎಷ್ಟು ಅಂದಿ? ಇಪ್ಪತ್ತು ಸಾವ್ರ?" ಎಂದು ಇನ್ನೊಮ್ಮೆ ಕೇಳಿ, ಚಂಚಿಯನ್ನು ಮೊದಲಿಗಿಂತ ಜಾಗ್ರತೆಯಿಂದ ಟೊಂಕಕ್ಕೆ ಸಿಕ್ಕಿಸಿಕೊಂಡಳು.

ಸಂಜೆ ಟೆಂಪರ್ ಗ್ಲಾಸ್ ಹಾಕಿಸಲು ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಗೆ ಹೋದೆವು. ಹೊಸ ಗಾಜು ಮೊದಲಿಗಿಂತ ಮೂರು ಪಟ್ಟು ಗೀರು ತಡೆಯುತ್ತೆ ಅಂತ ಕಂಪನಿ ಹೇಳಿದೆ. ಅದನ್ನು ಕಾಯಲು ಇನ್ನೂರು ರೂಪಾಯಿಯ ಗಾಜು. ಅಂಗಡಿ ಹುಡುಗ ಉಸಿರು ಬಿಗಿಹಿಡಿದು, ಒಂದು ಗುಳ್ಳೆ ಬಾರದ ಹಾಗೆ ಅಂಟಿಸಿದ. ಕವರ್ ಮಾತ್ರ ಅವನಿಗೆ ಹಿಡಿಸಲಿಲ್ಲ.

"ಟ್ರಾನ್ಸ್‌ಪರೆಂಟ್ ಬ್ಯಾಡ್ರಿ, ಹಳದಿ ಆಗ್ತೈತಿ. ಕರೀದು ತಗೋರಿ, ದಪ್ಪ ಐತಿ."

"ಕರೀದು ಹಾಕಿದ್ರ ಆರೆಂಜ್ ಹೆಂಗ ಕಾಣ್ತೈತಿ?" ಎಂದ ನಮ್ಮ ಹುಡುಗ.

"ಫೋನ್ ಉಳೀಬೇಕೋ, ಬಣ್ಣ ಕಾಣಬೇಕೋ, ನೀವ ಹೇಳ್ರಿ."

ಕರಿ ಕವರ್ ಬಂತು. ಬಿಲ್ಲು ಕೊಡುವಾಗ ಅಂಗಡಿ ಹುಡುಗನ ಫೋನು ರಿಂಗಾಯಿತು. ಕೌಂಟರ್ ಮೇಲೆ ಬರಿ ಮೈಯಲ್ಲಿ ಬಿದ್ದಿತ್ತು, ನೀಲಿ ಬೆನ್ನು ಲೈಟಿಗೆ ಫಳಫಳ ಹೊಳೆಯುತ್ತಿತ್ತು.

"ನಿಂದಕ್ಕ ಕವರ್ ಇಲ್ಲೇನೋ?" ಅಂದೆ.

"ಎಂಟು ಸಾವಿರದ್ದು ಕಾಕಾ, ಇದಕ್ಯಾಕ ಕವರು?"