ಮಣ್ಣು ಬೀದರದ್ದು, ಹೂವೂ ಬೀದರದ್ದೇ ಬರ್ಲಿ

ಬಿದ್ರಿ ಅಂದ್ರ ಸನ್ಮಾನದಾಗ ಕೊಡೋ ಕಪ್ಪು ಮೆಮೆಂಟೊ ಅಂತ ತಿಳ್ಕೊಂಡವ್ರು ನಮ್ ಬೀದರ್‌ನಾಗೇ ಭಾಳ ಮಂದಿ ಅದಾರ. ಶಾಲು ಹಾರದ ಜೊತಿ ಮನಿಗಿ ಬಂದು ಶೋಕೇಸ್‌ನಾಗ ಕುಂತಿರ್ತದ, ಯಾರೂ ಕೈಗೆತ್ಕೊಂಡು ತಿರುಗಿಸಿ ನೋಡಂಗಿಲ್ಲ. ನನಗ ಖರೇನ ಸಂಕಟ ಆಗ್ತದ, ಯಾಕಂದ್ರ ಈ ಊರಿನ ನೆಲ ಇಲ್ದ ಕಪ್ಪು ಲೋಹದಾಗ ಬೆಳ್ಳಿ ಕೂಡ್ಸೋ ಈ ಕಲೆ ಇಲ್ಲ.

ಹಳೇ ಊರಾಗಿನ ಚೌಬಾರ ಗೋಪುರದ ಕಡಿ ಓಣ್ಯಾಗ ಕೆಲಸ ಮಾಡೋವ್ರ ಬಾಜು ಒಮ್ಮೆ ಕುಂತು ನೋಡ್ರಿ. ಸತುವಿಗಿ ಚೂರು ತಾಮ್ರ ಕೂಡಿಸಿ ಎರಕ ಹೊಯ್ತಾರ, ಮೈಲುತುತ್ತದ ನೀರು ಸವರಿ, ಉಳಿಲೆ ಗೆರಿ ಕೊರ್ದು, ಅದ್ರಾಗ ಬೆಳ್ಳಿ ತಂತಿ ಕೂಡಿಸಿ ಸಣ್ಣಗ ಬಡಿತಾರ. ಉಜ್ಜಿದ ಮ್ಯಾಲ ಬೆಳ್ಳಿ ಯಾವ್ದು ಸತು ಯಾವ್ದು ಪತ್ತೇನೇ ಹತ್ತಂಗಿಲ್ಲ, ಎರಡೂ ಒಂದೇ ಬಿಳಿ. ಆಮ್ಯಾಲ ಬರ್ತದ ನೋಡ್ರಿ ಕಿಲ್ಲಾದ ಮಣ್ಣು! ಹಳೇ ಕಟ್ಟಡದೊಳಗ ಬಿಸಲು ಮಳಿ ಕಾಣದ ಜಾಗದ್ದು, ಅದನ್ನ ನಾಲಗಿ ಮ್ಯಾಲ ಇಟ್ಟು ರುಚಿ ನೋಡಿ ಆರಿಸ್ತಾರ, ನವಸಾಗರ ಅನ್ನೋ ಉಪ್ಪು ಹಾಕಿ ನೀರಾಗ ಕುದಿಸಿ ಹೂಜಿ ಅದ್ದಿದ್ರ ಸತು ಕಾಡಿಗಿ ಹಂಗ ಕಪ್ಪಾಗ್ತದ, ಬೆಳ್ಳಿ ಮಾತ್ರ ಹೊಳಿತಾನೇ ಇರ್ತದ.

2006ರಾಗ ಬಿದ್ರಿಗಿ ಜಿಐ ಟ್ಯಾಗ್, ಅಂದ್ರ ಇದು ಈ ಊರಿಂದೇ ಅನ್ನೋ ಸರ್ಕಾರಿ ಗುರುತು ಸಿಕ್ತು, 2023ರಾಗ ನಮ್ ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗಿ ಪದ್ಮಶ್ರೀ ಬಂತು, ಭಾಳ ಹೆಮ್ಮಿ ಆಯ್ತು.

ಆದ್ರ ನನ್ನ ಮನಸಿನಾಗ ಒಂದು ಮಾತು ಅದ. ಹೂಜಿ ಮ್ಯಾಲ ಕಾಣೋದು ಗಸಗಸಿ ಗಿಡ, ಹೂಬಳ್ಳಿ, ಅಶ್ರಫಿ ಬೂಟಿ ಅನ್ನೋ ನಾಣ್ಯದಂಥ ಚಿತ್ತಾರ. ಪರ್ಶಿಯಾ ಕಡಿ ಛಾಯಾ ಇರೋ ಡಿಸೈನ್, ಚಂದ ಅವ, ಉಳೀಬೇಕು. ಅವುಗಳ ಜೊತಿಗಿ ನಮ್ ಹೊಲದಾಗಿನ ತೊಗರಿ ಹೂವು ಯಾಕ ಬರಬಾರ್ದು? ಹಳದಿ ಎಸಳಿನ ಬೆನ್ನ ಮ್ಯಾಲ ಸಣ್ಣ ಸಣ್ಣ ಕೆಂಪು ಗೆರಿ ಇರ್ತಾವಲ್ಲ, ಅವು ಬೆಳ್ಳಿ ತಂತಿ ಕೆಲಸಕ್ಕ ಹೇಳಿ ಮಾಡಿಸಿದಂಗ ಅವ. ಇನ್ನ ನಮ್ ಬೀದರ್ ಸುತ್ತಿನ ಹುಲ್ಲುಗಾವಲಿನಾಗ ಓಡೋ ಕೃಷ್ಣಮೃಗ ನೋಡ್ರಿ, ಗಂಡಿನ ಬೆನ್ನು ಕಪ್ಪು, ಹೊಟ್ಟಿ ಬಿಳಿ, ಕಣ್ಣಿನ ಸುತ್ತ ಬಿಳಿ ಉಂಗುರ, ಕೊಂಬು ತಿರುಚಿದ್ದು, ಬಿದ್ರಿಗಿ ಬೇಕಾದ ಎರಡೂ ಬಣ್ಣ ಅದರ ಮೈ ಮ್ಯಾಲೇ ಅವ. ಬೀದರ್ ಬಾಜುಕಿನ ನೌಬಾದಿನಾಗ ನೆಲದೊಳಗಿನ ನೀರಿನ ಕಾಲುವಿ ಮ್ಯಾಲ ತೋಡಿದ ಸುರಂಗ ಬಾವಿ ಸಾಲೂ ಒಂದು ತಾಟಿನ ಅಂಚಿಗಿ ಭೇಷ್ ಕೂಡ್ತದ.

ಹಿಂಗ ಮಾಡಿದ್ರ ಪರಂಪರಾ ಕೆಡ್ತದ ಅಂತಾರ ಕೆಲವ್ರು, ನಾ ಒಪ್ಪಂಗಿಲ್ಲ. ಪೆನ್‌ಡ್ರೈವ್ ಮ್ಯಾಲೂ ಬಿದ್ರಿ ಕೆಲಸ ಆಗ್ಯದ, ಆಗ ಕೆಡದ್ದು ತೊಗರಿ ಹೂವಿಗಿ ಹೆಂಗ ಕೆಡ್ತದ?

ಖರೇ ತೊಡಕು ರೊಕ್ಕದ್ದು. ಹೊಸ ಡಿಸೈನ್ ಅಂದ್ರ ಮೊದಲಿಂದ ಗೆರಿ ಹಾಕ್ಬೇಕು, ಕೈ ಕೂಡೋತನಕ ವ್ಯಾಳ್ಯಾ ಹೋಗ್ತದ, ಮಾರಾಟ ಆಗ್ತದೋ ಇಲ್ಲೋ ಗ್ಯಾರಂಟಿ ಇಲ್ಲ, ದಿನದ ದುಡಿಮಿ ಬಿಟ್ಟು ಯಾವ ಉಸ್ತಾದ ಆ ಧೈರ್ಯ ಮಾಡ್ತಾನ? ಅದಕ್ಕ ಕಾಲೇಜು, ಸಂಘ, ಆಫೀಸಿನ ಫಂಕ್ಷನ್‌ಗಿ ಆರ್ಡರ್ ಕೊಡೋವ್ರಿಗಿ ಕೈ ಮುಗದು ಕೇಳ್ತೀನ್ರಿ, ಈ ವರ್ಷ ತೊಗರಿ ಹೂವಿಂದು ಬೇಕು ಅಂತ ಹೇಳ್ರಿ, ಅಡ್ವಾನ್ಸ್ ಕೊಡ್ರಿ, ಟೈಮ್ ಕೊಡ್ರಿ, ರೇಟಿಗಿ ಜಗ್ಗಾಡಬ್ಯಾಡ್ರಿ.