ಕೆಜಿಗೆ ಎಷ್ಟು ಅಂತ ಕೇಳಬೇಡಿ ಸ್ವಾಮಿ

"ಬೇರೆ ಕಡೆ ಕೆಜಿಗೆ 600 ರೂಪಾಯಿಗೆ ಸಿಗುತ್ತೆ, ನೀವ್ಯಾಕೆ 1,400 ಹೇಳ್ತೀರಾ?"

ಮನೆಯಲ್ಲೇ ಕೇಕ್ ಮಾಡಿ ಮಾರುವ ನನ್ನನ್ನು ಆರ್ಡರ್ ಕೊಡೋಕೆ ಬಂದವರು ಕೇಳುವ ಪ್ರಶ್ನೆ ಇದು. ಸಿಗುತ್ತೆ ಅಂದರೆ ತಗೊಳ್ಳಿ. ನಾನೇನು ಬೇಡ ಅಂದೆನಾ? ಬೆಂಗಳೂರಿನಲ್ಲಿ ಕೇಕಿಗೇನು ಬರ. ರಸ್ತೆಗೆ ನಾಲ್ಕು ಬೇಕರಿ, ಅಪಾರ್ಟ್‌ಮೆಂಟಿಗೆ ಇಬ್ಬರು ಹೋಮ್ ಬೇಕರ್‌ಗಳು, ಸಾಲದ್ದಕ್ಕೆ ಹತ್ತು ನಿಮಿಷದಲ್ಲಿ ಬಾಗಿಲಿಗೆ ತಂದುಕೊಡುವ ಆ್ಯಪ್‌ಗಳು. ಕಡಿಮೆಗೆ ಬೇಕು ಅನ್ನುವವರು ಅಲ್ಲಿ ತಗೊಂಡರೆ ನನಗೆ ಒಂಚೂರೂ ಬೇಜಾರಿಲ್ಲ. ಅವರವರ ಜೇಬು, ಅವರವರ ನಾಲಿಗೆ. ನನಗೆ ಮೈ ಉರಿಯುವುದು ಬೇರೆ ವಿಷಯಕ್ಕೆ. ಅಲ್ಲಿ ತಗೊಳ್ಳುವ ಮುಂಚೆ ನನ್ನ ಹತ್ತಿರ ಬರುತ್ತಾರೆ. ವಾರಗಟ್ಟಲೆ ತಲೆ ತಿನ್ನುತ್ತಾರೆ. ಡಿಸೈನ್ ಬರೆಸಿಕೊಳ್ಳುತ್ತಾರೆ. ಆಮೇಲೆ ಅದನ್ನೇ ಹಿಡಿದುಕೊಂಡು ಇನ್ನೊಬ್ಬರ ಹತ್ತಿರ ಹೋಗುತ್ತಾರೆ. ಅದಕ್ಕೆ ಉರಿಯುತ್ತೆ.

ಮೊನ್ನೆ ಸೀಮಂತದ ಕೇಕ್ ಒಂದರ ವಿಚಾರ ಕೇಳಿ. ಹಸಿರು ಸೀರೆಯ ನೆರಿಗೆ ಬರಬೇಕು, ಸುತ್ತ ಹಸಿರು ಬಳೆ ಇರಬೇಕು, ಮೇಲಿನಿಂದ ಕೆಳಗಿನವರೆಗೆ ಮೊಗ್ಗಿನ ಜಡೆ ಇಳಿಬಿಟ್ಟಿರಬೇಕು. ಚೆನ್ನಾಗಿದೆ ಅಲ್ವಾ? ನನಗೂ ಖುಷಿಯಾಯಿತು. ಇಂಟರ್ನೆಟ್ಟಿನಿಂದ ಇಳಿಸಿದ ಯಾವುದೋ ದೇಶದ ಯೂನಿಕಾರ್ನ್ ಬಿಟ್ಟು ನಮ್ಮದೇ ಒಂದು ಚಂದದ್ದನ್ನು ಕೇಳಿದರಲ್ಲ ಅಂತ ಹುಮ್ಮಸ್ಸಿನಿಂದ ಕೂತು ಬರೆದುಕೊಟ್ಟೆ. ಎಲೆ ಹಸಿರಲ್ಲ, ಗಿಳಿ ಹಸಿರು ಅಂದರು. ಬದಲಾಯಿಸಿದೆ. ಜಡೆಬಿಲ್ಲೆ ಇನ್ನೂ ಸ್ವಲ್ಪ ದೊಡ್ಡದು ಅಂದರು. ದೊಡ್ಡದು ಮಾಡಿದೆ. ಕನಕಾಂಬರ ಮಧ್ಯೆ ಬರಲಿ ಅಂದರು. ಅದೂ ಆಯಿತು. ಇದೆಲ್ಲ ರಾತ್ರಿ ಅಡುಗೆಮನೆ ಕೆಲಸ ಮುಗಿದ ಮೇಲೆ, ಬಿಟ್ಟಿ.

ಮೊಗ್ಗಿನ ಜಡೆ ಅಂದರೆ ಏನು ಅಂತ ಮಾಡಿದವರಿಗೆ ಮಾತ್ರ ಗೊತ್ತು. ಸಕ್ಕರೆ ಹಿಟ್ಟು, ಅದೇ ಫಾಂಡಂಟ್, ಅದಕ್ಕೆ ಬೇಗ ಗಟ್ಟಿಯಾಗಲಿ ಅಂತ ಟೈಲೋಸ್ ಅನ್ನುವ ಪುಡಿ ಸೇರಿಸಿ ನಾದಬೇಕು. ಕಡಲೆಕಾಳಿನಷ್ಟು ಉಂಡೆ ತಗೊಂಡು ಅಂಗೈಯಲ್ಲಿ ಉರುಳಿಸಬೇಕು. ಒಂದು ತುದಿ ಚೂಪಾಗಬೇಕು, ನಡುವೆ ಸ್ವಲ್ಪ ಉಬ್ಬಬೇಕು, ಕೆಳಗೆ ತೊಟ್ಟು ಸಣ್ಣಗಾಗಬೇಕು. ಹಲ್ಲುಕಡ್ಡಿಯಿಂದ ಒಂದು ಗೀರು. ಬುಡಕ್ಕೆ ಬ್ರಷ್ಷಿನಲ್ಲಿ ತಿಳಿ ಹಸಿರು. ಅಲ್ಲಿಗೆ ಒಂದು ಮೊಗ್ಗು ಆಯಿತು. ಜಡೆ ತುಂಬ ಇಂಥವು ಎಷ್ಟು ಬೇಕು, ನೀವೇ ಲೆಕ್ಕ ಹಾಕಿ. ಕೆಳಗೆ ಹೋಗುತ್ತಾ ಹೋಗುತ್ತಾ ಮೊಗ್ಗು ಸಣ್ಣದಾಗಬೇಕು, ಇಲ್ಲದಿದ್ದರೆ ಅದು ಜಡೆ ಥರ ಕಾಣುವುದಿಲ್ಲ. ಮಳೆಗಾಲದಲ್ಲಿ ಸಕ್ಕರೆ ಹಿಟ್ಟು ಬೆವರುತ್ತೆ. ಫ್ರಿಜ್ಜಿನಲ್ಲಿಟ್ಟರೆ ಹೊರಗೆ ತೆಗೆದ ತಕ್ಷಣ ನೀರು ಒಡೆಯುತ್ತೆ. ಅದಕ್ಕೇ ದಿನ ಮುಂಚೆಯೇ ಮಾಡಿ, ಫ್ಯಾನಿನ ಕೆಳಗೆ ಹರಡಿ ಒಣಗಿಸಬೇಕು. ಮಕ್ಕಳು ಆ ರೂಮಿಗೆ ಹೋಗುವ ಹಾಗಿಲ್ಲ.

ಎಲ್ಲ ಸೇರಿಸಿ ರೇಟು ಹೇಳಿದೆ. ಆಚೆ ಕಡೆ ಗಪ್‌ಚುಪ್. ಮೆಸೇಜ್ ಓದಿದ್ದಾರೆ, ಉತ್ತರ ಇಲ್ಲ. ಎರಡು ದಿನ ಬಿಟ್ಟು ಬಂತು: "ಸಾರಿ ಮೇಡಂ, ನಮ್ಮ ಅತ್ತಿಗೆ ಫ್ರೆಂಡ್ ಒಬ್ಬರು ಮಾಡ್ತಾರಂತೆ. ಅರ್ಧ ರೇಟು."

ಸರಿ, ಬಿಟ್ಟೆ. ಇದೇನು ಹೊಸದಲ್ಲ.

ಆದರೆ ಫಂಕ್ಷನ್ ಹಿಂದಿನ ದಿನ ಮತ್ತೆ ಫೋನು. "ಮೇಡಂ, ಅವರಿಗೆ ಆ ಮೊಗ್ಗು ಸರಿಯಾಗಿ ಬರ್ತಾ ಇಲ್ವಂತೆ. ನೀವು ಫೋನಲ್ಲಿ ಸ್ವಲ್ಪ ಹೇಳಿಕೊಡ್ತೀರಾ? ನಿಮಗೆ ಗೊತ್ತಲ್ವಾ."

ಒಂದು ಕ್ಷಣ ಮಾತೇ ಹೊರಡಲಿಲ್ಲ. ಹೋಗಲಿ, ಅದಕ್ಕಾದರೂ ನಿಲ್ಲಬೇಕಲ್ಲ. "ಇಲ್ಲಾಂದ್ರೆ ಒಂದು ಕೆಲಸ ಮಾಡಿ, ಬರೀ ಜಡೆ ಮಾತ್ರ ನೀವು ಮಾಡಿಕೊಡಿ. ಕೇಕ್ ಅವರದ್ದೇ ಇರಲಿ. ಜಡೆಗೆ 200 ಕೊಡ್ತೀನಿ." ಇನ್ನೂರು! ಅದೇ ದಿನ ನಿಜವಾದ ಮೊಗ್ಗಿನ ಜಡೆ ಹೆಣೆಯುವವರ ಹತ್ತಿರ ಇನ್ನೂರು ಕೊಡ್ತೀನಿ ಅಂದಿದ್ದರೆ ಹೂಬುಟ್ಟಿ ಎತ್ತಿಕೊಂಡು ಎದ್ದು ಹೋಗಿರುತ್ತಿದ್ದರು. ನಾನು ಮಾತ್ರ "ಇಲ್ಲ ಮೇಡಂ, ಆಗಲ್ಲ" ಅಂತ ನಗುನಗುತ್ತಾ ಹೇಳಬೇಕು. ಯಾಕೆ? ಮುಖ ಸಿಂಡರಿಸಿದರೆ ನಾಳೆ ಲೇಔಟಿನ ವಾಟ್ಸಾಪ್ ಗ್ರೂಪಿನಲ್ಲಿ "ಅವರಿಗೆ ತುಂಬಾ ಜಂಬ" ಅಂತ ಬರುತ್ತೆ.

ಈ ಕೆಜಿ ಲೆಕ್ಕವೇ ಎಲ್ಲ ರೋಗಕ್ಕೂ ಮೂಲ. ಬೆಂಡೆಕಾಯಿಗೆ ಕೆಜಿ ಲೆಕ್ಕ ಸರಿ. ಒಳಗಿನ ಕೇಕಿಗೂ ಸರಿ, ಇರಲಿ. ಆದರೆ ಮೇಲಿನ ಕೆಲಸಕ್ಕೆ ಯಾವ ತಕ್ಕಡಿ? ಸೀರೆ ಬ್ಲೌಸಿಗೆ ಆರಿ ವರ್ಕ್ ಮಾಡಿಸುವಾಗ ಬಟ್ಟೆ ಎಷ್ಟು ಮೀಟರ್ ಅಂತ ನೋಡಿ ಯಾರೂ ದುಡ್ಡು ಕೊಡುವುದಿಲ್ಲ. ಅಲ್ಲಿ ಕೈಕೆಲಸಕ್ಕೆ ಬೆಲೆ ಇದೆ, ಎರಡು ಮಾತಾಡದೆ ಕೊಡುತ್ತಾರೆ. ಕೇಕಿಗೆ ಬಂದಾಗ ಮಾತ್ರ "ಅರ್ಧ ಕೆಜಿ ಸಾಕು, ಆದರೆ ಎರಡು ಅಂತಸ್ತು ಇರಲಿ, ಒಂದು ಆನೆ, ಒಂದು ಜಿರಾಫೆ, ಮಗು ಹೆಸರು, ಮೋಡ, ಕಾಮನಬಿಲ್ಲು." ಅರ್ಧ ಕೆಜಿಯ ಮೇಲೆ ಆನೆ ಎಲ್ಲಿ ನಿಲ್ಲಬೇಕು?

ಒಳಗಿನ ಸಾಮಾನಿನ ಮಾತು ಬಂದರೆ ಇನ್ನೂ ಸಿಟ್ಟು ಬರುತ್ತೆ. 600ರ ಕೇಕ್ ಮತ್ತು 1,400ರ ಕೇಕ್ ಒಂದೇ ಅಂದುಕೊಂಡೇ ಮಾತು ಶುರು ಮಾಡುತ್ತಾರೆ. ಒಂದೇ ಅಲ್ಲ. ಮಾರ್ಕೆಟ್ಟಿನಲ್ಲಿ ವಿಪ್ಪಿಂಗ್ ಕ್ರೀಮ್ ಅಂತ ಸಿಗುವುದರಲ್ಲಿ ಎರಡು ಜಾತಿ. ಒಂದು ಹಾಲಿನ ಕೆನೆ. ಇನ್ನೊಂದು ಗಟ್ಟಿ ಮಾಡಿದ ಎಣ್ಣೆ, ಸಕ್ಕರೆ, ನೀರು ಕೂಡಿಸಿ ಮಾಡಿದ್ದು. ಎರಡನೆಯದು ಅಗ್ಗ. ಬೀಟ್ ಮಾಡಿದರೆ ಚೆನ್ನಾಗಿ ಉಬ್ಬುತ್ತೆ, ಏಪ್ರಿಲ್ ಬಿಸಿಲಿಗೂ ಅಷ್ಟು ಬೇಗ ಜಗ್ಗುವುದಿಲ್ಲ, ನೋಡೋಕೂ ಬೆಳ್ಳಗೆ. ಹಾಗಾಗಿ ಅಂಗಡಿಯವರಿಗೂ ಅದೇ ಇಷ್ಟ. ತಿಂದ ಮೇಲೆ ಅಂಗುಳಕ್ಕೆ ಒಂಥರಾ ಜಿಡ್ಡು ಅಂಟಿಕೊಂಡು ಕೂರುತ್ತಲ್ಲ, ಬಿಸಿ ಕಾಫಿ ಕುಡಿಯುವವರೆಗೂ ಹೋಗದೇ, ಅದು ಇದೇ. ನಿಜವಾದ ಕೆನೆ ಹಾಗಲ್ಲ. ಅದಕ್ಕೆ ನಖರಾ ಜಾಸ್ತಿ. ಬೆಸ್ಕಾಂನವರು ಅರ್ಧ ಗಂಟೆ ಕರೆಂಟ್ ತೆಗೆದರೆ ನನ್ನ ಎದೆ ಡವಡವ ಅನ್ನುತ್ತೆ.

ಚಾಕೊಲೇಟಿನಲ್ಲೂ ಇದೇ ಕಥೆ. ಕಾಂಪೌಂಡ್ ಅಂದರೆ ಕೋಕೋ ಬೆಣ್ಣೆ ತೆಗೆದು ಆ ಜಾಗಕ್ಕೆ ಬೇರೆ ಎಣ್ಣೆ ಹಾಕಿದ್ದು. ಅದು ಕರಗಿಸೋಕೆ ಸುಲಭ, ಜೇಬಿಗೂ ಹಗುರ. ನಾನು ಬಳಸುವುದು ಕೋಕೋ ಬೆಣ್ಣೆ ಇರುವುದು. 2024ರಲ್ಲಿ ಘಾನಾ, ಐವರಿ ಕೋಸ್ಟ್ ಕಡೆ ಬೆಳೆ ಕೈಕೊಟ್ಟು ಕೋಕೋ ಬೆಲೆ ಟನ್ನಿಗೆ 10,000 ಡಾಲರ್ ದಾಟಿತಲ್ಲ, ಆಗ ಚಾಕೊಲೇಟ್ ಕೊಳ್ಳುವಾಗ ಕೈ ನಡುಗುತ್ತಿತ್ತು. ಆಗಲೂ ಕೇಳಿದ್ದು ಅದೇ ಪ್ರಶ್ನೆ. ಬೇರೆ ಕಡೆ 600, ನೀವ್ಯಾಕೆ...

ಇನ್ನು ಬಣ್ಣ. ರೆಡ್ ವೆಲ್ವೆಟ್ ಮಾಡಿಕೊಟ್ಟರೆ "ಇನ್ನೂ ಕೆಂಪಗೆ ಇರಬೇಕಿತ್ತು" ಅಂತಾರೆ. ಕ್ರೀಮಿಗೆ ಕಡು ಕೆಂಪು, ಕಡು ನೀಲಿ ಬರಬೇಕು ಅಂದರೆ ಬಣ್ಣ ಸುರಿಯಬೇಕು, ನಾಲಿಗೆ ಕಹಿಯಾಗುತ್ತೆ. ಬೇಡ ಅಂತ ಬಿಡಿಸಿ ಹೇಳುತ್ತೇನೆ. ಅವರ ಮುಖ ಬಾಡುತ್ತೆ. 2024ರ ಅಕ್ಟೋಬರಿನಲ್ಲಿ ನಮ್ಮ ರಾಜ್ಯದ ಆಹಾರ ಸುರಕ್ಷತೆ ಇಲಾಖೆಯವರು 235 ಕೇಕ್ ಮಾದರಿ ಪರೀಕ್ಷೆ ಮಾಡಿ, 12ರಲ್ಲಿ ಕೃತಕ ಬಣ್ಣ ಅಪಾಯಕಾರಿ ಮಟ್ಟದಲ್ಲಿದೆ ಅಂತ ಹೇಳಿದರು. ರೆಡ್ ವೆಲ್ವೆಟ್, ಬ್ಲ್ಯಾಕ್ ಫಾರೆಸ್ಟ್ ಹೆಸರೂ ಬಂತು. ಟಿವಿಯಲ್ಲಿ ಅದೇ ಸುದ್ದಿ. ಆಗ ನೋಡಬೇಕಿತ್ತು! "ಅಕ್ಕಾ, ನಿಮ್ಮದು ಸೇಫ್ ತಾನೆ? ನೀವು ಯಾವ ಕಲರ್ ಹಾಕ್ತೀರಾ? ಸರ್ಟಿಫಿಕೇಟ್ ಇದೆಯಾ?" ಇದೆ. ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತೆ ಪ್ರಾಧಿಕಾರದ ನೋಂದಣಿ ಮಾಡಿಸಿದ್ದೇನೆ, ನಂಬರ್ ಡಬ್ಬಿಯ ಮೇಲೇ ಇದೆ, ಯಾವತ್ತೂ ಯಾರೂ ಓದಿಲ್ಲ. ಕ್ರಿಸ್‌ಮಸ್ ಬರುವಷ್ಟರಲ್ಲಿ ಭಯ ಹೋಗಿತ್ತು. ಮತ್ತೆ ಶುರು, "ಇನ್ನೂ ಸ್ವಲ್ಪ ಕೆಂಪಗೆ ಬರಲ್ವಾ?"

ಅತ್ತಿಗೆ ಫ್ರೆಂಡ್ ಬಗ್ಗೆಯೂ ಹೇಳಬೇಕು. ಅವರ ಮೇಲೆ ನನಗೆ ದ್ವೇಷ ಇಲ್ಲ, ನಿಜವಾಗಿಯೂ. ಒಂದು ದಿನದ ಕ್ಲಾಸಿಗೆ ಹೋಗಿ, ಪ್ರೀಮಿಕ್ಸ್, ಅಂದರೆ ಎಲ್ಲ ಬೆರೆಸಿಟ್ಟ ರೆಡಿ ಕೇಕ್ ಹಿಟ್ಟಿನ ಪ್ಯಾಕೆಟ್ ಒಡೆದು, ಮಾರನೇ ವಾರವೇ ಇನ್‌ಸ್ಟಾಗ್ರಾಮ್ ಪೇಜ್ ತೆರೆಯುವವರು ಬೇಕಾದಷ್ಟು ಜನ ಇದ್ದಾರೆ. ಮಾಡಲಿ. ಪ್ರೀಮಿಕ್ಸ್ ಬಳಸುವುದು ಅಪರಾಧವೇನಲ್ಲ. ಆದರೆ ಅವರು ಹಾಕುವ ರೇಟಿದೆಯಲ್ಲ, ಅದರಲ್ಲಿ ಗ್ಯಾಸ್ ಇಲ್ಲ, ಕರೆಂಟ್ ಇಲ್ಲ, ಡಬ್ಬಿ, ಕೇಕ್ ಕೂರಿಸುವ ಬೋರ್ಡಿನ ಖರ್ಚು ಇಲ್ಲ, ರಾತ್ರಿ ಎರಡು ಗಂಟೆವರೆಗೆ ನಿಂತ ಕಾಲಿನ ಕೂಲಿ ಅಂತೂ ಇಲ್ಲವೇ ಇಲ್ಲ. ಮನೆಯವರ ಸಂಬಳದಲ್ಲಿ ಬೆಣ್ಣೆ ಬರುತ್ತೆ, ಕೇಕ್ ಮಾರಿದ ದುಡ್ಡೆಲ್ಲ ಲಾಭ ಅಂದುಕೊಂಡಿರುತ್ತಾರೆ. ಆರು ತಿಂಗಳು, ಜಾಸ್ತಿ ಅಂದರೆ ಒಂದು ವರ್ಷ. ಸೊಂಟ ನೋವು ಬಂದು ಪೇಜ್ ಮುಚ್ಚುತ್ತಾರೆ. ಅಷ್ಟರಲ್ಲಿ ಏರಿಯಾದ ಜನಕ್ಕೆಲ್ಲ ಕೇಕ್ ಅಂದರೆ 600 ಅಂತ ತಲೆಯಲ್ಲಿ ಕೂತಿರುತ್ತೆ. ಆಮೇಲೆ ಇನ್ನೊಬ್ಬರು 550ಕ್ಕೆ ಶುರು ಮಾಡುತ್ತಾರೆ.

ಅಯ್ಯಂಗಾರ್ ಬೇಕರಿಯವರು ನನಗೆ ಪೈಪೋಟಿಯೇ ಅಲ್ಲ, ಇದನ್ನೂ ಹೇಳಿಬಿಡುತ್ತೇನೆ. ಚಿಕ್ಕಪೇಟೆಯ ಬಿ.ಬಿ. ಬೇಕರಿ 1898ರಲ್ಲಿ ಶುರುವಾಗಿದ್ದು ಅಂತಾರೆ. ಅಲ್ಲಿಂದ ಈಚೆಗೆ ಗಲ್ಲಿಗಲ್ಲಿಗೂ ಬಂದ ಈ ಬೇಕರಿಗಳಲ್ಲಿ ಹನಿ ಕೇಕ್, ಖಾರ ಬನ್, ದಿಲ್‌ಪಸಂದ್ ತಿಂದೇ ನಾನೂ ಬೆಳೆದಿದ್ದು. ಈಗಲೂ ಸಂಜೆ ಬೆಣ್ಣೆ ಬಿಸ್ಕತ್ ತರೋಕೆ ಅಲ್ಲಿಗೇ ಹೋಗುವುದು. ಅವರದ್ದು ಅವರ ರುಚಿ, ಅವರ ರೇಟು, ಅದರಲ್ಲಿ ಮೋಸ ಇಲ್ಲ. ಹನಿ ಕೇಕ್ ತಗೊಂಡು ಹೋಗಿ ಕತ್ತರಿಸಿ ಹುಟ್ಟುಹಬ್ಬ ಮಾಡಿ, ಮಗುವಿಗೆ ಖುಷಿಯೋ ಖುಷಿ. ನಿಮ್ಮ ಬಜೆಟ್ ಅಷ್ಟೇ ಆದರೆ ನಾನೇ ಆ ಅಂಗಡಿಗೆ ಕಳಿಸಿಕೊಡುತ್ತೇನೆ, ಕಳಿಸಿದ್ದೇನೆ ಕೂಡ.

ಆದರೆ ಬಜೆಟ್ ಇಲ್ಲದವರು ಚೌಕಾಸಿ ಮಾಡುವುದೇ ಇಲ್ಲ, ಅದೇ ತಮಾಷೆ. ಆಟೋ ಓಡಿಸುವವರೊಬ್ಬರು ಮಗಳ ಮೊದಲ ಹುಟ್ಟುಹಬ್ಬಕ್ಕೆ ಬಂದರು. "ನನ್ನ ಹತ್ರ ಇಷ್ಟೇ ಇದೆಯಮ್ಮಾ, ಇದ್ರಲ್ಲಿ ಏನಾಗುತ್ತೋ ಮಾಡಿಕೊಡಿ" ಅಂತ ಮೊದಲೇ ಕೈಗಿಟ್ಟರು. ಆ ಕೇಕನ್ನು ಎಷ್ಟು ಪ್ರೀತಿಯಿಂದ ಮಾಡಿದೆ ಅಂದರೆ! ಕೊಸರಾಡುವುದು ಹಾಲ್‌ಗೆ ಲಕ್ಷ ಕೊಟ್ಟವರು. ಬಲೂನ್ ಕಮಾನಿಗೆ ಹತ್ತು ಸಾವಿರ ತೆಗೆದಿಟ್ಟವರು. ಬಲೂನಿನವನಿಗೆ ಕೆಜಿಗೆ ಎಷ್ಟು ಅಂತ ಯಾಕೆ ಕೇಳಲ್ಲ?

ಜಿಎಸ್‌ಟಿಯದ್ದು ಬೇರೆ. 2025ರ ಸೆಪ್ಟೆಂಬರ್ 22ರಿಂದ ಕೇಕಿನ ಮೇಲಿನ ತೆರಿಗೆ ಶೇ. 18ರಿಂದ ಶೇ. 5ಕ್ಕೆ ಇಳಿಯಿತು. ಮಾರನೇ ದಿನವೇ ಮೆಸೇಜ್: "ಟ್ಯಾಕ್ಸ್ ಕಮ್ಮಿ ಆಯ್ತಲ್ಲ, ನೀವು ಎಷ್ಟು ಕಮ್ಮಿ ಮಾಡ್ತೀರಾ?" ಅಯ್ಯೋ ದೇವರೇ. ನಾನು ಯಾವತ್ತು ನಿಮ್ಮ ಹತ್ತಿರ ಜಿಎಸ್‌ಟಿ ತಗೊಂಡಿದ್ದೆ? ವರ್ಷಕ್ಕೆ 40 ಲಕ್ಷ ದಾಟಿ ವಹಿವಾಟು ಮಾಡುವವರಿಗೆ ಆ ತಲೆನೋವು. ನನಗೆ ಆ ಯೋಗ ಬಂದಿದ್ದರೆ ಹೀಗೆ ಕೂತು ಅಳಲು ತೋಡಿಕೊಳ್ಳುತ್ತಿದ್ದೆನಾ? ಬೆಣ್ಣೆ, ಚಾಕೊಲೇಟಿನ ಮೇಲೂ ತೆರಿಗೆ ಇಳಿದಿದೆ, ಇಲ್ಲ ಅನ್ನಲ್ಲ. ಅದು ಚಳಿಗಾಲದಲ್ಲಿ ಮೊಟ್ಟೆ ಬೆಲೆ ಏರಿದಾಗ ಅಲ್ಲಿಗಲ್ಲಿಗೆ ಸರಿಹೋಯಿತು.

ಡೆಲಿವರಿ ಬಗ್ಗೆ ಮಾತಾಡುವುದೇ ಬೇಡ. ಎರಡು ಅಂತಸ್ತಿನ ಕೇಕನ್ನು "ಬೈಕ್ ಪಾರ್ಸೆಲ್‌ನಲ್ಲಿ ಕಳಿಸಿಬಿಡಿ" ಅನ್ನುವವರು ಒಮ್ಮೆ ಅದೇ ಬೈಕಿನ ಹಿಂದೆ ಕೂತು ನಮ್ಮ ರಸ್ತೆಗುಂಡಿಗಳ ಮೇಲೆ ವಿಜಯನಗರದಿಂದ ವೈಟ್‌ಫೀಲ್ಡಿಗೆ ಹೋಗಿ ಬರಲಿ. ಸೊಂಟ ನೆಟ್ಟಗೆ ಉಳಿದರೆ ಆಮೇಲೆ ಕೇಕಿನ ಮಾತು.

ಅಂದಹಾಗೆ ಆ ಸೀಮಂತ ಆಯಿತು. ಫೋಟೋ ನೋಡಿದೆ, ಸ್ಟೇಟಸ್‌ನಲ್ಲಿ ಹಾಕಿದ್ದರು. ನೆರಿಗೆ ಪರವಾಗಿಲ್ಲ, ಜಡೆ ಮಾತ್ರ ಅತ್ತಿಗೆ ಫ್ರೆಂಡ್ ಕೈಯಲ್ಲಿ ಆಗಿಲ್ಲ, ಪಾಪ. ಹೂವಿನ ಅಂಗಡಿಯಿಂದ ನಿಜವಾದ ಮಲ್ಲಿಗೆ ಮೊಗ್ಗು ತಂದು, ದಾರ ಸಮೇತ ಕ್ರೀಮಿನ ಮೇಲೆ ಒತ್ತಿದ್ದಾರೆ. ಔಷಧಿ ಹೊಡೆದ ಹೂವನ್ನು ಬಸುರಿ ತಿನ್ನುವ ಕೇಕಿನ ಮೇಲೆ! ಕೆಳಗೆ ಬರೆದಿದ್ದು ನೋಡಿ ರಕ್ತ ಕುದಿಯಿತು: "ಡಿಸೈನ್ ನಮ್ಮದೇ ಐಡಿಯಾ."

ಇವತ್ತಿನಿಂದ ನನ್ನ ನಿಯಮ ಇಷ್ಟೇ. ಅರ್ಧ ದುಡ್ಡು ಅಡ್ವಾನ್ಸ್ ಬಂದ ಮೇಲೆ ಡಿಸೈನ್ ಬರೆಯುತ್ತೇನೆ, ಅಲ್ಲಿಯವರೆಗೆ ಪೆನ್ಸಿಲ್ ಮುಟ್ಟಲ್ಲ. ಕೇಕಿನ ರೇಟು ಬೇರೆ, ಕೈಕೆಲಸದ ರೇಟು ಬೇರೆ, ಎರಡೂ ಬೇರೆ ಬೇರೆ ಸಾಲಿನಲ್ಲಿ ಬರೆದು ಕಳಿಸುತ್ತೇನೆ. ಜಾಸ್ತಿ ಅನ್ನಿಸಿದರೆ ಆನೆ ಬಿಡಿ, ಜಿರಾಫೆ ಬಿಡಿ, ಒಳಗಿನ ಬೆಣ್ಣೆ ಬಿಡಲ್ಲ. ಮೊಗ್ಗು ಕಲಿಯಬೇಕು ಅನ್ನುವವರು ಫೀಸು ಕೊಟ್ಟು ಬನ್ನಿ, ಕೂರಿಸಿಕೊಂಡು ಕಲಿಸುತ್ತೇನೆ. ಅತ್ತಿಗೆ ಫ್ರೆಂಡ್ ಕೂಡ ಬರಬಹುದು.