ಬದುಕಿದೀನಿ ಅನ್ನೋಕೂ ಬೆರಳು ಬೇಕಾ?

ನವೆಂಬರ್ ಬಂತಂದ್ರೆ ಪಿಂಚಣಿದಾರರೆಲ್ಲ ತಾವಿನ್ನೂ ಸತ್ತಿಲ್ಲ ಅಂತ ರುಜುವಾತು ಮಾಡಬೇಕು. ಇವತ್ತು ದಾವಣಗೆರೆಯ ಬ್ಯಾಂಕೊಂದರಲ್ಲಿ ಪಕ್ಕ ಕೂತಿದ್ದ ಅಜ್ಜಾರು 1971ರ ಯುದ್ಧ ಕಂಡವರು. ಆ ಯುದ್ಧವೇ 13 ದಿನಕ್ಕೆ ಮುಗೀತು. ಇವರ ಜೀವನ ಪ್ರಮಾಣಪತ್ರ ಮೂರು ಸಲ ಬಂದರೂ ಮುಗಿದಿಲ್ಲ! ಬೆರಳಚ್ಚು ಬರ್ತಿಲ್ಲವಂತೆ. ಸವೆದ ಬೆರಳಿಗೆ ಗೆರೆ ಎಲ್ಲಿಂದ ತರೋದು, ಮಂಡಿಪೇಟೆಯಿಂದಲಾ? ಒರೆಸು, ಒತ್ತು, ಮತ್ತೆ ಒರೆಸು. ಆಮೇಲೆ ಗೊತ್ತಲ್ಲ, 'ಸರ್ವರ್ ಇಲ್ಲ, ಊಟ ಆದ್ಮೇಲೆ ಬನ್ನಿ.' ಮೊಬೈಲ್ ಆ್ಯಪ್‌ಗೆ ಮುಖ ತೋರಿಸಿದ್ರೂ ಆಗುತ್ತಲ್ಲಾ ಸ್ವಾಮಿ ಅಂದ್ರೆ, 'ಆ ಆ್ಯಪ್ ನಮಗೆ ಗೊತ್ತಿಲ್ಲ.' ಎದುರಿಗೇ ನಿಂತು ಕೆಮ್ಮೋ ಮನುಷ್ಯ ಜೀವಂತ ಅನ್ನೋಕೆ ಯಂತ್ರ ಬೇಕಾ? ಪಾಸ್‌ಬುಕ್ ಎಂಟ್ರಿಗೆ ಹೋದ ನನಗೇ ಬಿಪಿ ಏರಿತ್ತು. ಅಜ್ಜಾರು ಮಾತ್ರ ನಕ್ಕರು: "ಗಡೀಲಿ ಯಾರೂ ಬೆರಳು ಕೇಳಲಿಲ್ಲ ಬಿಡಪ್ಪ. ನಡಿ, ಅಲ್ಲೀತನಕ ಮಂಡಕ್ಕಿ ಮಿರ್ಚಿ ತಿಂದು ಬರೋಣ."